ಮಗನ ತಲೆಯಲ್ಲಿ ನೀರಿನ ಗುಳ್ಳೆ, ತೊಂದರೆ ಏನೂ ಇಲ್ಲ: ಆಪರೇಷನ್ ಮಾಡಿಸಬೇಕಾ, ಕಾಯಬೇಕಾ?

ಸಿಂಧನೂರು ಅಮ್ಮ

ಎಲ್ಲರಿಗೂ ನಮಸ್ಕಾರ. ನಾಲ್ಕು ರಾತ್ರಿಯಿಂದ ನಿದ್ದೆ ಇಲ್ಲ. ಯಾರಿಗಾದರೂ ಇದರ ಅನುಭವ ಇದ್ದರೆ ದಯವಿಟ್ಟು ಹೇಳಿ.

ನನ್ನ ಮಗನಿಗೆ 17 ವರ್ಷ. ಪಿಯುಸಿ ಎರಡನೇ ವರ್ಷ. ಹೋದ ವಾರ ಅವನ ಮಾವನ ಗಾಡಿಯಲ್ಲಿ ಹಿಂದೆ ಕೂತು ಬರುವಾಗ ಕಾಲುವೆ ರಸ್ತೆಯಲ್ಲಿ ಗಾಡಿ ಜಾರಿತು. ಹಣೆಗೆ ಮೂರು ಹೊಲಿಗೆ ಬಿದ್ದವು. ತಲೆಗೆ ಪೆಟ್ಟು ಅಂತ ಸಿಟಿ ಸ್ಕ್ಯಾನ್ ಮಾಡಿದರು. ಪೆಟ್ಟಿನಿಂದ ಒಳಗೆ ಏನೂ ಆಗಿಲ್ಲ ಎಂದರು. ದೇವರು ದೊಡ್ಡವನು ಅಂದುಕೊಂಡು ಎದ್ದು ಹೊರಡುವಷ್ಟರಲ್ಲಿ, "ಆದರೆ ಮೆದುಳಲ್ಲಿ ಒಂದು ಗಡ್ಡೆ ಕಾಣುತ್ತಿದೆ" ಎಂದರು. ಅಲ್ಲೇ ಕುಸಿದು ಕೂತೆ.

ಮರುದಿನ ಎಂಆರ್‌ಐ ಆಯಿತು. ಎಡಗಡೆ ಟೆಂಪೋರಲ್ ಭಾಗದಲ್ಲಿ ಅರಾಕ್ನಾಯ್ಡ್ ಸಿಸ್ಟ್, 3.1 x 2.2 ಸೆಂ.ಮೀ. ಎಂದು ರಿಪೋರ್ಟ್‌ನಲ್ಲಿದೆ. ನಾವು ತೋರಿಸಿದ ಖಾಸಗಿ ದವಾಖಾನೆಯಲ್ಲಿ ಹತ್ತು ದಿನದೊಳಗೆ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಯಾವಾಗ ಬೇಕಾದರೂ ಒಡೆಯಬಹುದು ಎನ್ನುತ್ತಾರೆ. ಮೂರೂವರೆ ಲಕ್ಷ ಆಗುತ್ತದಂತೆ. ನಮ್ಮ ಮನೆಯವರು ಎರಡು ಎಕರೆ ಗದ್ದೆ ಲೀಸಿಗೆ ಕೊಡುವ ಮಾತಾಡಿ ಬಂದಿದ್ದಾರೆ. ಅತ್ತೆ ಮಾತ್ರ, ಚೆನ್ನಾಗಿ ಓಡಾಡುವ ಹುಡುಗನ ತಲೆ ಯಾಕೆ ತೆರೆಸುತ್ತೀರಿ ಎಂದು ಅಳುತ್ತಿದ್ದಾರೆ.

ಮಗನಿಗೆ ಯಾವ ತೊಂದರೆಯೂ ಇಲ್ಲ. ಕಬಡ್ಡಿ ಆಡುತ್ತಾನೆ, ಓದುತ್ತಾನೆ. ರಾತ್ರಿ ಜಾಸ್ತಿ ಓದಿದರೆ ಒಮ್ಮೊಮ್ಮೆ ತಲೆನೋವು ಅನ್ನುತ್ತಾನೆ, ಅಷ್ಟೇ. ಕಾದು ಕೂತರೆ ಮಗನನ್ನು ಕಳೆದುಕೊಳ್ಳುತ್ತೇನಾ? ಮಾಡಿಸಿದರೆ ಚೆನ್ನಾಗಿದ್ದವನನ್ನು ನಾನೇ ಹಾಳು ಮಾಡಿದಂತೆ ಆಗುತ್ತದಾ?

ಬಳ್ಳಾರಿ ಸ್ಕ್ಯಾನಿಂಗ್

ಅಕ್ಕಾ, ಮೊದಲು ಸ್ವಲ್ಪ ನೀರು ಕುಡಿದು ಕೂತು ಓದಿ. ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಎಂಆರ್‌ಐ ಮಷಿನ್ ನೋಡಿಕೊಳ್ಳುವವನು. ನಿಮ್ಮ ಮಗನಂಥ ಸ್ಕ್ಯಾನ್ ನನ್ನ ಕಣ್ಣೆದುರು ಆಗಾಗ ಬರುತ್ತದೆ.

ದಯವಿಟ್ಟು ಮನೆಯಲ್ಲಿ ಅದನ್ನು ಗಡ್ಡೆ ಎಂದು ಕರೆಯಬೇಡಿ. ಗಡ್ಡೆ ಎಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಕ್ಯಾನ್ಸರ್ ನೆನಪಾಗುತ್ತದೆ. ಇದು ನೀರಿನ ಗುಳ್ಳೆ. ಮೆದುಳಿಗೆ ಮೂರು ಪದರದ ಹೊದಿಕೆ ಇದೆ. ನಡುವಿನ ಪದರ ಜೇಡರ ಬಲೆಯ ಹಾಗೆ ತೆಳ್ಳಗೆ ಇರುತ್ತದೆ, ಅದರ ಹೆಸರೇ ಅರಾಕ್ನಾಯ್ಡ್. ಮಗು ಹೊಟ್ಟೆಯಲ್ಲಿದ್ದಾಗಲೇ ಈ ಪದರ ಒಂದು ಕಡೆ ಎರಡಾಗಿ ಬಿಡುತ್ತದೆ, ನಡುವೆ ನೀರು ನಿಲ್ಲುತ್ತದೆ. ಆ ನೀರೂ ಬೇರೆಯದ್ದಲ್ಲ. ನಮ್ಮೆಲ್ಲರ ಮೆದುಳಿನ ಸುತ್ತ ಓಡಾಡುವ ನೀರೇ. ನಿಮ್ಮದು ಎಡದಂಡೆ ಕಾಲುವೆಯ ಊರು. ಕಾಲುವೆ ಪಕ್ಕದ ಹೊಂಡದಲ್ಲಿ ಅದೇ ನೀರು ನಿಂತಿರುತ್ತದೆ ನೋಡಿ, ಹಾಗೆ ಅಂದುಕೊಳ್ಳಿ.

ಬೇರೆ ಕಾರಣಕ್ಕೆ ತಲೆ ಸ್ಕ್ಯಾನ್ ಮಾಡಿಸುವ ದೊಡ್ಡವರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಇದು ಸಿಗುತ್ತದೆ. ಜಾಸ್ತಿ ಕಾಣುವುದು ಗಂಡಸರಲ್ಲಿ, ಅದರಲ್ಲೂ ಎಡಗಡೆ, ಕಿವಿಯ ಮುಂದಿನ ಆ ಜಾಗದಲ್ಲೇ. ಅಂದರೆ ನಿಮ್ಮ ಮಗನದು ಇದು ಸಾಮಾನ್ಯವಾಗಿ ಇರುವ ಜಾಗ.

ಈಗ ಒಂದು ಕೆಲಸ ಮಾಡಿ. ರಿಪೋರ್ಟ್‌ನಲ್ಲಿ ಮೂರು ಮಾತು ಹುಡುಕಿ: ಮಾಸ್ ಎಫೆಕ್ಟ್, ಮಿಡ್‌ಲೈನ್ ಶಿಫ್ಟ್, ಹೈಡ್ರೋಕೆಫಲಸ್. ಗುಳ್ಳೆ ಮೆದುಳನ್ನು ಒತ್ತುತ್ತಿದೆಯಾ, ನಡುಗೆರೆ ಪಕ್ಕಕ್ಕೆ ಸರಿದಿದೆಯಾ, ಒಳಗೆ ನೀರು ಕಟ್ಟಿಕೊಂಡಿದೆಯಾ ಎಂಬುದು ಅವುಗಳ ಅರ್ಥ. ಈ ಮೂರಕ್ಕೂ ಇಲ್ಲ ಎಂದಿದ್ದರೆ ಹತ್ತು ದಿನದ ಗಡುವು ಯಾಕೆ ಎಂದು ನೀವು ಧೈರ್ಯವಾಗಿ ಕೇಳಬಹುದು. ಅಲ್ಲಿಯ ಎಲುಬು ತೆಳ್ಳಗಾಗಿದೆ ಎಂದು ಬರೆದಿದ್ದರೆ ಅದಕ್ಕೆ ಹೆದರಬೇಡಿ. ಗುಳ್ಳೆ ಚಿಕ್ಕಂದಿನಿಂದ ಅಲ್ಲೇ ಇದೆ, ತಲೆಬುರುಡೆ ಅದರ ಜೊತೆಗೇ ಬೆಳೆದಿದೆ ಎಂಬುದಕ್ಕೆ ಅದೇ ಗುರುತು.

ಕೌಲ್ ಬಜಾರ್

ಬಳ್ಳಾರಿಯವನೇ ನಾನೂ. ಜೀನ್ಸ್ ಹೊಲಿಯುವ ಕೆಲಸ. ಮೇಲಿನ ಅಣ್ಣನ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ, ಆದರೆ ನಾನು ಒಪ್ಪುವುದಿಲ್ಲ.

ನಮ್ಮ ಅಪ್ಪಾಜಿಗೆ 2018ರಲ್ಲಿ ಹೀಗೇ ಮೆದುಳಲ್ಲಿ ಸಿಸ್ಟ್ ಇದೆ ಎಂದರು. ಬರೀ 13 ಮಿಲಿಮೀಟರ್. ಆಗ ಅವರಿಗೆ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ನೆಂಟರೆಲ್ಲ ಸೇರಿ ಬೇಡ, ಬಿಡಿ, ವಯಸ್ಸಾದವರು ಎಂದರು. ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ವಿಪರೀತ ತಲೆನೋವು, ವಾಂತಿ. ಮಧ್ಯಾಹ್ನದ ಹೊತ್ತಿಗೆ ಕರೆದರೆ ಕಣ್ಣು ಬಿಡಲಿಲ್ಲ. ಅದೇ ರಾತ್ರಿ ಆಪರೇಷನ್ ಆಯಿತು, ಬದುಕಿದರು. ಒಂದು ಗಂಟೆ ತಡವಾಗಿದ್ದರೆ ಇಲ್ಲ ಎಂದರು ಡಾಕ್ಟರ್. ಆ ಒಂದು ದಿನ ನಾನು ಪಟ್ಟ ಪಾಡು ಯಾವ ಮಕ್ಕಳಿಗೂ ಬೇಡ.

ಅದಕ್ಕೇ ಹೇಳುವುದು. ಕಾಯಿರಿ ಎನ್ನುವುದು ಸುಲಭ. ಕಾಯುವವರ ಮನೆಯಲ್ಲಿ ಏನಾಗುತ್ತದೆ ಎಂದು ಗೊತ್ತಿರಬೇಕು.

ಕುಷ್ಟಗಿ ಮೇಷ್ಟ್ರು

ತಮ್ಮಾ, ನಿಮ್ಮ ಅಪ್ಪಾಜಿಯ ವಿಷಯ ಓದಿ ಮೈ ಜುಮ್ಮೆಂದಿತು. ಬದುಕಿ ಬಂದರಲ್ಲ, ಅದೇ ದೊಡ್ಡದು. ಒಂದು ಮಾತು ಕೇಳುತ್ತೇನೆ. ಅವರ ರಿಪೋರ್ಟ್‌ನಲ್ಲಿ ಕೊಲಾಯ್ಡ್ ಸಿಸ್ಟ್ ಎಂದಿತ್ತಾ? ಥರ್ಡ್ ವೆಂಟ್ರಿಕಲ್ ಎಂದಿತ್ತಾ?

ಕೌಲ್ ಬಜಾರ್

ಹೌದು ಸರ್. ಎರಡೂ ಇತ್ತು. ಫೈಲ್ ತೆಗೆದು ನೋಡಿದೆ.

ಕುಷ್ಟಗಿ ಮೇಷ್ಟ್ರು

ಅದೇ ನನಗೆ ಅನುಮಾನ ಬಂದದ್ದು. ಎರಡಕ್ಕೂ ಸಿಸ್ಟ್ ಎಂದೇ ಹೆಸರು, ಆದರೆ ಎರಡೂ ಬೇರೆ. ಕೊಲಾಯ್ಡ್ ಸಿಸ್ಟ್ ಕೂತುಕೊಳ್ಳುವುದು ಮೆದುಳಿನ ನೀರು ಹರಿದು ಹೋಗುವ ತೂಬಿನ ಬಾಯಿಯಲ್ಲಿ. ತೂಬಿಗೆ ಕಲ್ಲು ಸಿಕ್ಕಿದರೆ ಏನಾಗುತ್ತದೆ? ಹಿಂದೆ ನೀರು ಏರುತ್ತದೆ. ಅದಕ್ಕೇ ಚಿಕ್ಕದಾದರೂ ಒಮ್ಮೊಮ್ಮೆ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂಬುದನ್ನು ಡಾಕ್ಟರ್‌ಗಳು ಗಡಿಯ ಹಾಗೆ ನೋಡುತ್ತಾರೆ. ಅದಕ್ಕಿಂತ ದೊಡ್ಡದಿದ್ದು, ನೀರೂ ಕಟ್ಟಿಕೊಂಡಿದ್ದರೆ ತೊಂದರೆ ಶುರುವಾಗುವ ಮೊದಲೇ ತೆಗೆಯುವುದು ಒಳ್ಳೆಯದು ಎನ್ನುತ್ತಾರೆ. ನಿಮ್ಮ ಅಪ್ಪಾಜಿಯ ವಿಷಯದಲ್ಲಿ ನೀವು ಹೇಳುವುದು ಸರಿಯೇ. ಸಿಂಧನೂರಿನ ತಂಗಿಯ ಮಗನದು ಮೂರು ಸೆಂಟಿಮೀಟರ್ ಇದ್ದರೂ ತೂಬಿನಿಂದ ದೂರ, ಬದಿಯಲ್ಲಿದೆ. ಅಳತೆ ಒಂದನ್ನೇ ನೋಡಿ ಹೋಲಿಸಿದರೆ ತಪ್ಪಾಗುತ್ತದೆ.

ನನಗೆ ಇದೆಲ್ಲ ಯಾಕೆ ಗೊತ್ತು ಎಂದರೆ ನನ್ನ ತಲೆಯಲ್ಲೂ ಒಂದಿದೆ. ಪೀನಿಯಲ್ ಸಿಸ್ಟ್, ಅಂದರೆ ಮೆದುಳಿನ ನಡುವಿನ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಲ್ಲಿ ಗುಳ್ಳೆ, 8 ಮಿಲಿಮೀಟರ್. 2015ರಲ್ಲಿ ತಲೆಸುತ್ತು ಬಂದು ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿತು. ತಲೆಸುತ್ತು ಕಿವಿಯದಾಗಿತ್ತು, ಹದಿನೈದು ದಿನದಲ್ಲಿ ಹೋಯಿತು. ಸಿಸ್ಟ್ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಬೋರ್ಡ್ ಮೇಲೆ ಬರೆಯುತ್ತಾ ಇದ್ದಾಗ ಇದ್ದಕ್ಕಿದ್ದಂತೆ ನೆನಪಾಗುತ್ತಿತ್ತು, ಕೈ ನಿಲ್ಲುತ್ತಿತ್ತು. 2016ರಲ್ಲಿ ಇನ್ನೊಮ್ಮೆ, 2018ರಲ್ಲಿ ಮತ್ತೊಮ್ಮೆ ಎಂಆರ್‌ಐ ಆಯಿತು. ಕೂದಲೆಳೆಯಷ್ಟೂ ಬದಲಾಗಿಲ್ಲ. ಇನ್ನು ಸ್ಕ್ಯಾನ್ ಬೇಡ, ಮೇಲೆ ನೋಡಲು ಕಷ್ಟವಾದರೆ, ಎರಡೆರಡು ಕಂಡರೆ, ವಾಂತಿಯ ಜೊತೆ ತಲೆನೋವು ಬಂದರೆ ಮಾತ್ರ ಬನ್ನಿ ಎಂದರು. ಅಲ್ಲಿಂದ ಇಲ್ಲಿಯವರೆಗೆ ಹೋಗಿಲ್ಲ.

ಲಿಂಗಸುಗೂರು ಅಕ್ಕ

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ತಂಗೀ, ನಿನ್ನ ಹತ್ತು ದಿನದ ಗಡುವು ನೋಡಿ ಸುಮ್ನೆ ಇರಲು ಆಗಲಿಲ್ಲ.

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ತಲೆನೋವು ಅನ್ನುತ್ತಿದ್ದಳು. ಸ್ಕ್ಯಾನ್ ಮಾಡಿಸಿದೆವು. ನಿನ್ನ ಮಗನ ಹಾಗೇ ಅರಾಕ್ನಾಯ್ಡ್ ಸಿಸ್ಟ್, ಸ್ವಲ್ಪ ಚಿಕ್ಕದು. ತಲೆನೋವಿದೆ, ಸಿಸ್ಟ್ ಇದೆ, ಹಾಗಾದರೆ ಸಿಸ್ಟ್‌ನಿಂದಲೇ ತಲೆನೋವು ಎಂದರು. ನಮಗೂ ಅದು ಸರಿ ಅನ್ನಿಸಿತು. ಬೇರೆ ಯಾರನ್ನೂ ಕೇಳಲಿಲ್ಲ. ಒಂದೇ ವಾರದಲ್ಲಿ ಆಪರೇಷನ್ ಆಯಿತು. ಗುಳ್ಳೆಯ ಗೋಡೆಗೆ ತೂತು ಮಾಡಿ ನೀರು ಹರಿಯಲು ದಾರಿ ಮಾಡುತ್ತೇವೆ, ಐದನೇ ದಿನ ಮನೆಗೆ ಹೋಗಬಹುದು ಎಂದಿದ್ದರು.

ಗುಳ್ಳೆಯ ನೀರು ಮೆದುಳಿನ ಮೇಲಿನ ಪದರದ ಕೆಳಗೆ ಬಂದು ನಿಂತಿತು. ಇನ್ನೊಂದು ಆಪರೇಷನ್ ಆಯಿತು. ತಲೆಯಿಂದ ಹೊಟ್ಟೆಗೆ ಪೈಪ್ ಹಾಕಿದರು, ಶಂಟ್ ಅನ್ನುತ್ತಾರೆ. ಆ ಪೈಪ್ ಎರಡು ಸಲ ಕಟ್ಟಿಕೊಂಡಿತು. ಅಂದರೆ ಮತ್ತೆ ಎರಡು ಆಪರೇಷನ್. ಈಗ ಅವಳಿಗೆ 14. ಸ್ವಲ್ಪ ವಾಂತಿ ಆದರೂ ಪೈಪ್ ಕಟ್ಟಿತಾ ಎಂದು ನನ್ನ ಎದೆ ಹೊಡೆದುಕೊಳ್ಳುತ್ತದೆ.

ಮತ್ತೆ ಆ ತಲೆನೋವು? ಅದು ಹೋಗಲೇ ಇಲ್ಲ. ಆಮೇಲೆ ಬೇರೆ ನರರೋಗ ತಜ್ಞರಿಗೆ ತೋರಿಸಿದಾಗ, ಇದು ಮೈಗ್ರೇನ್ ಎಂದರು. ನನಗೂ ಇದೆ, ನಮ್ಮ ಅವ್ವನಿಗೂ ಇತ್ತು. ಬಿಸಿಲಿಗೆ ಹೋದರೆ, ಊಟ ತಪ್ಪಿದರೆ, ನಿದ್ದೆ ಕೆಟ್ಟರೆ ಬರುವ ತಲೆಶೂಲೆ. ಗುಳಿಗೆಯಲ್ಲಿ ಹತೋಟಿಗೆ ಬರುವಂಥದ್ದು. ಆಪರೇಷನ್‌ಗೆ ಮೊದಲು ನಮ್ಮನ್ನು ಯಾರೂ ಕೇಳಲಿಲ್ಲ, ತಲೆನೋವು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಮನೆಯಲ್ಲಿ ಯಾರಿಗಿದೆ ಎಂದು. ನಾನೂ ಹೇಳಲಿಲ್ಲ. ಅದೇ ನನ್ನ ಸಂಕಟ.

ಆಪರೇಷನ್ ಮಾಡಿಸಲೇಬೇಡ ಎಂದು ನಾನು ಹೇಳುವುದಿಲ್ಲ. ಆ ತಲೆನೋವು ಯಾವುದರದು ಎಂದು ಮೊದಲು ತಿಳಿದುಕೋ.

ಸಿಂಧನೂರು ಅಮ್ಮ

ಅಕ್ಕಾ, ನಿಮ್ಮ ಬರಹ ಓದಿ ಅತ್ತುಬಿಟ್ಟೆ. ಮಗಳನ್ನು ದೇವರು ಚೆನ್ನಾಗಿಟ್ಟಿರಲಿ.

ಸ್ಕ್ಯಾನಿಂಗ್ ತಮ್ಮ ಹೇಳಿದಂತೆ ರಿಪೋರ್ಟ್ ನೋಡಿದೆ. ಮಿಡ್‌ಲೈನ್ ಶಿಫ್ಟ್ ಇಲ್ಲ. ಹೈಡ್ರೋಕೆಫಲಸ್ ಇಲ್ಲ. ಎಲುಬು ತೆಳ್ಳಗಾಗಿದೆ ಎಂದು ಬರೆದಿದೆ, ನೀವು ಮೊದಲೇ ಹೇಳದಿದ್ದರೆ ಅದನ್ನೇ ಓದಿ ಇನ್ನಷ್ಟು ಹೆದರುತ್ತಿದ್ದೆ. ಮಗನನ್ನು ಕೂರಿಸಿಕೊಂಡು ತಲೆನೋವಿನ ಬಗ್ಗೆ ಕೇಳಿದೆ. ಸಂಜೆ ಮೇಲೆ, ಹಣೆಯಲ್ಲಿ, ಮೊಬೈಲ್‌ನಲ್ಲಿ ನೋಟ್ಸ್ ನೋಡಿದರೆ ಜಾಸ್ತಿ. ಮಲಗಿ ಎದ್ದರೆ ಇರುವುದಿಲ್ಲ ಎಂದ.

ಮಾನ್ವಿ ನರ್ಸ್

ಬೆಂಗಳೂರಿನಲ್ಲಿ ನ್ಯೂರೋಸರ್ಜರಿ ವಾರ್ಡ್‌ನಲ್ಲಿ ಆರು ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಮಲಗಿ ಎದ್ದರೆ ಇರುವುದಿಲ್ಲ ಎಂಬ ಮಾತು ಸಮಾಧಾನ ಕೊಡುತ್ತದೆ. ತಲೆಯೊಳಗೆ ಒತ್ತಡ ಏರಿದ್ದರೆ ನೋವು ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಬೆಳಗಿನ ಜಾವಕ್ಕೆ ಜಾಸ್ತಿ, ಮಲಗಿದರೆ, ಕೆಮ್ಮಿದರೆ, ಬಗ್ಗಿದರೆ ಜಾಸ್ತಿ, ಜೊತೆಗೆ ವಾಂತಿ. ಆದರೆ ಬರೀ ಇದರ ಮೇಲೆ ನಿರ್ಧಾರ ಬೇಡ. ನಾಳೆಯೇ ಒಳ್ಳೆಯ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಹನಿ ಹಾಕಿ ಕಣ್ಣಿನ ನರ ನೋಡಿ ಎಂದು ಕೇಳಿ. ಮೆದುಳಲ್ಲಿ ಒತ್ತಡ ಇದ್ದರೆ ಬಹಳ ಸಲ ಕಣ್ಣಿನ ಹಿಂದಿನ ನರ ಊದಿಕೊಂಡಿರುತ್ತದೆ. ಸಿಂಧನೂರಿನಲ್ಲೇ ಆಗುವ ಪರೀಕ್ಷೆ, ಹೆಚ್ಚು ಖರ್ಚೂ ಇಲ್ಲ. ಕನ್ನಡಕ ಬೇಕಾ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಒಡೆಯುತ್ತದೆ ಎಂಬ ಮಾತಿನ ಬಗ್ಗೆ. ಪಟಾಕಿಯ ಹಾಗೆ ಸಿಡಿಯುವುದಲ್ಲ ಅದು. ಗುಳ್ಳೆಯ ಗೋಡೆ ಹರಿದು ನೀರು ಪಕ್ಕದ ಪದರದ ಕೆಳಗೆ ಹರಡುತ್ತದೆ, ಅಥವಾ ಸಣ್ಣ ರಕ್ತನಾಳ ಹರಿದು ರಕ್ತ ಕೂಡಿಕೊಳ್ಳುತ್ತದೆ. ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನಲಾರೆ. ತಲೆಗೆ ಪೆಟ್ಟು ಬಿದ್ದ ಮೇಲೆ ಕೆಲವು ದಿನ ಅಥವಾ ವಾರಗಳಲ್ಲಿ ಗೊತ್ತಾಗುವುದೇ ಹೆಚ್ಚು. ಅಕ್ಕಾ, ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಇದು. ನಿಮ್ಮ ಮಗ ಬಿದ್ದು ಇನ್ನೂ ಎರಡು ವಾರ ಆಗಿಲ್ಲ. ಮುಂದಿನ ಎರಡು ಮೂರು ತಿಂಗಳು ಹುಷಾರಾಗಿ ನೋಡಿ. ತಲೆನೋವು ದಿನದಿಂದ ದಿನಕ್ಕೆ ಏರುತ್ತಾ ಹೋದರೆ, ವಾಂತಿ ಆದರೆ, ಮಂಪರು ಬಂದರೆ, ಎರಡೆರಡು ಕಂಡರೆ, ಒಂದು ಕಡೆ ಕೈಕಾಲು ಸೋತರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗ ಮತ್ತೆ ಸ್ಕ್ಯಾನ್ ಬೇಕು, ಆಪರೇಷನ್ ಕೂಡ ಬೇಕಾಗಬಹುದು.

ಒಡೆಯುವುದನ್ನು ತಪ್ಪಿಸಲು ಎಂದೇ ಆಪರೇಷನ್ ಮಾಡಿಸುವವರು ಒಂದನ್ನು ಯೋಚಿಸಬೇಕು. ಲಿಂಗಸುಗೂರು ಅಕ್ಕನ ಮಗಳಿಗೆ ಆದದ್ದು ಅದೇ ಅಲ್ವಾ? ನೀರು ಪದರದ ಕೆಳಗೆ ಹರಡಿತು. ತಪ್ಪಿಸಬೇಕೆಂದಿದ್ದ ತೊಂದರೆಯನ್ನು ಆಪರೇಷನ್ನೇ ತರಬಹುದು. ಸೋಂಕು, ರಕ್ತ, ನೀರು ಸೋರುವುದು, ಫಿಟ್ಸ್, ಇವೆಲ್ಲ ಬೇರೆ. ತೊಂದರೆ ಇದ್ದವರಿಗೆ ಈ ಅಪಾಯ ತೆಗೆದುಕೊಳ್ಳಲು ಕಾರಣ ಇರುತ್ತದೆ. ನಮ್ಮ ವಾರ್ಡ್‌ನಲ್ಲಿ ಆಪರೇಷನ್ ಆಗಿ ಕಣ್ಣು ಉಳಿದವರನ್ನು, ಫಿಟ್ಸ್ ಕಡಿಮೆಯಾದವರನ್ನು ನೋಡಿದ್ದೇನೆ. ಚಿಕ್ಕ ಮಕ್ಕಳ ಲೆಕ್ಕವೇ ಬೇರೆ. ನಾಲ್ಕೈದು ವರ್ಷದೊಳಗೆ ಗುಳ್ಳೆ ಬೆಳೆಯುವ ಸಾಧ್ಯತೆ ಜಾಸ್ತಿ, ತಲೆಯ ಸುತ್ತಳತೆ ಬೇಗ ಏರುತ್ತಿದ್ದರೆ, ನೆತ್ತಿ ಉಬ್ಬಿದ್ದರೆ ತಡ ಮಾಡಬಾರದು. 17 ವರ್ಷದ ಹುಡುಗನಲ್ಲಿ ಬೆಳೆಯುವುದು ಅಪರೂಪ.

ಕಾರಟಗಿ

ನಮ್ಮ ಅಳಿಯನಿಗೂ ತಲೆಯಲ್ಲಿ ಸಿಸ್ಟ್ ಎಂದು ಹೇಳಿ ಹುಳದ ಗುಳಿಗೆ ಕೊಟ್ಟಿದ್ದಾರೆ. ಸಿಂಧನೂರು ಅಕ್ಕನ ಮಗನಿಗೂ ಅದೇ ಗುಳಿಗೆಯಲ್ಲಿ ಕರಗಬಹುದಲ್ವಾ?

ಮಾನ್ವಿ ನರ್ಸ್

ಇಲ್ಲ ಅಣ್ಣಾ, ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಅಳಿಯನದು ಲಾಡಿ ಹುಳದ ಮರಿ ಮೆದುಳಲ್ಲಿ ಸೇರಿ ಆದದ್ದು, ನ್ಯೂರೋಸಿಸ್ಟಿಸರ್ಕೋಸಿಸ್. ನಮ್ಮ ದೇಶದಲ್ಲಿ ಫಿಟ್ಸ್ ಬರಲು ಅದೊಂದು ದೊಡ್ಡ ಕಾರಣ. ಹಂದಿ ಮಾಂಸ ಮುಟ್ಟದವರಿಗೂ ಬರುತ್ತದೆ. ಹುಳದ ಮೊಟ್ಟೆ ಇರುವ ಮಣ್ಣು ನೀರು ತಾಗಿದ ಸೊಪ್ಪು, ತರಕಾರಿಯನ್ನು ತೊಳೆಯದೆ ಹಸಿಯಾಗಿ ತಿಂದರೂ ಸಾಕು. ಅದಕ್ಕೆ ಆಲ್ಬೆಂಡಜೋಲ್, ಜೊತೆಗೆ ಸ್ಟೀರಾಯ್ಡ್, ಫಿಟ್ಸ್ ಗುಳಿಗೆ, ಎಲ್ಲ ಡಾಕ್ಟರ್ ಕಣ್ಣೆದುರಿಗೇ ಆಗಬೇಕು. ಅರಾಕ್ನಾಯ್ಡ್ ಸಿಸ್ಟ್ ಕರಗಿಸುವ ಗುಳಿಗೆ ಇಲ್ಲ, ಕಷಾಯವೂ ಇಲ್ಲ.

ಸಿರುಗುಪ್ಪ ತಂಗಿ

ಇದೇ ವಿಷಯ ನೋಡಿ ಕೇಳುತ್ತಿದ್ದೇನೆ. ನನಗೆ ಐದು ತಿಂಗಳು. ಸ್ಕ್ಯಾನ್‌ನಲ್ಲಿ ಮಗುವಿನ ಮೆದುಳಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಸಿಸ್ಟ್ ಎಂದು ಬಂದಿದೆ. ಹುಟ್ಟಿದ ಕೂಡಲೇ ಆಪರೇಷನ್ ಬೇಕಾಗುತ್ತದಾ?

ಬಳ್ಳಾರಿ ಸ್ಕ್ಯಾನಿಂಗ್

ತಂಗೀ, ಅದು ಮೆದುಳಿನ ನೀರು ತಯಾರಾಗುವ ಜಾಗದಲ್ಲಿನ ಪುಟ್ಟ ಗುಳ್ಳೆ. ಈ ತಿಂಗಳ ಸ್ಕ್ಯಾನ್‌ನಲ್ಲಿ ನೂರು ಮಕ್ಕಳಲ್ಲಿ ಒಂದೆರಡಕ್ಕೆ ಇದು ಕಾಣುತ್ತದೆ. ಮಗುವಿನ ಹೃದಯ, ಕೈಬೆರಳು, ಉಳಿದ ಅಂಗಗಳೆಲ್ಲ ಸರಿಯಾಗಿವೆ ಎಂದಿದ್ದರೆ ಬಹುಪಾಲು ಏಳನೇ ತಿಂಗಳ ಹೊತ್ತಿಗೆ ತಾನೇ ಮಾಯವಾಗುತ್ತದೆ. ಬೇರೆ ಏನಾದರೂ ಜೊತೆಗೆ ಕಂಡಿದ್ದರೆ ಮಾತ್ರ ಮುಂದಿನ ಪರೀಕ್ಷೆ ಹೇಳುತ್ತಾರೆ. ಬರೀ ಇದಕ್ಕೆ ಆಪರೇಷನ್ ಇಲ್ಲ. ಉಳಿದದ್ದೆಲ್ಲ ಸರಿ ಇದೆಯಾ ಎಂದು ನಿಮ್ಮ ಡಾಕ್ಟರ್ ಬಾಯಲ್ಲೇ ಕೇಳಿಕೊಳ್ಳಿ, ಆಗ ನಿದ್ದೆ ಬರುತ್ತದೆ.

ಕೌಲ್ ಬಜಾರ್

ಮೇಷ್ಟ್ರು ಹೇಳಿದ್ದು ಅರ್ಥವಾಯಿತು. ಸಿಂಧನೂರು ಅಕ್ಕನನ್ನು ಹೆದರಿಸಿದ್ದಕ್ಕೆ ಕ್ಷಮೆ ಇರಲಿ. ಆದರೂ ನನ್ನದೊಂದು ಮಾತಿದೆ, ಇದನ್ನು ಯಾರೂ ಬಿಡಬಾರದು.

ಕಾಯುವುದು ಎಂದರೆ ನಮ್ಮಂಥವರ ಮನೆಯಲ್ಲಿ ಮರೆಯುವುದು ಎಂದೇ ಆಗುತ್ತದೆ. ಆರು ತಿಂಗಳು ಬಿಟ್ಟು ಬನ್ನಿ ಎನ್ನುತ್ತಾರೆ. ಆ ಹೊತ್ತಿಗೆ ಸೀಸನ್, ಆರ್ಡರ್ ಇರುತ್ತದೆ. ಒಂದು ದಿನ ರಜೆ ಎಂದರೆ ಕೂಲಿ ಹೋಯಿತು. ಎಂಆರ್‌ಐಗೆ ಏಳೆಂಟು ಸಾವಿರ ಕೈಯಲ್ಲಿ ಇರುವುದಿಲ್ಲ. ಚೆನ್ನಾಗಿದ್ದಾರಲ್ಲ, ಮುಂದಿನ ತಿಂಗಳು ನೋಡೋಣ ಎನ್ನುತ್ತೇವೆ. ನಮ್ಮ ಅಪ್ಪಾಜಿಗೂ ಆರು ವಾರಕ್ಕೆ ಬಂದು ತೋರಿಸಿ ಎಂದು ಚೀಟಿಯಲ್ಲಿ ಬರೆದಿದ್ದರು. ನಾವು ಹೋಗಲಿಲ್ಲ. ಹೋಗಿದ್ದರೆ ಆ ದಿನ ಬರುತ್ತಲೇ ಇರಲಿಲ್ಲವೇನೋ. ಕಾಯುತ್ತೇವೆ ಎನ್ನುವವರು ಸ್ಕ್ಯಾನ್ ದುಡ್ಡು ಇವತ್ತೇ ಎತ್ತಿಡಬೇಕು, ತಾರೀಖು ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಕು. ಇಲ್ಲದಿದ್ದರೆ ಅದಕ್ಕೆ ಕಾಯುವುದು ಎನ್ನಬೇಡಿ.

ಬಳ್ಳಾರಿ ಸ್ಕ್ಯಾನಿಂಗ್

ತಮ್ಮಾ, ಈ ಮಾತಿಗೆ ಕೈ ಮುಗಿಯುತ್ತೇನೆ. ನಮ್ಮ ಸೆಂಟರ್‌ಗೆ ಬರುವ ಎಷ್ಟೋ ಜನರ ಹತ್ತಿರ ಹಳೆಯ ಸ್ಕ್ಯಾನ್ ಇರುವುದಿಲ್ಲ. ಮಳೆಗೆ ನೆನೆಯಿತು, ಮನೆ ಬದಲಿಸುವಾಗ ಹೋಯಿತು ಎನ್ನುತ್ತಾರೆ. ಹಳೆಯದು ಇಲ್ಲದಿದ್ದರೆ ಬೆಳೆದಿದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ಫಿಲ್ಮ್ ಸಾಲದು, ಸಿಡಿ ಕೇಳಿ ಪಡೆಯಿರಿ, ಪೆನ್‌ಡ್ರೈವ್‌ಗೂ ಹಾಕಿಸಿ. ಮುಂದಿನ ಸಲವೂ ಎಂಆರ್‌ಐಯನ್ನೇ ಮಾಡಿಸಿ. ಸಿಟಿಯ ಅಳತೆಯನ್ನು ಎಂಆರ್‌ಐ ಅಳತೆಗೆ ಹೋಲಿಸಿದರೆ ಒಂದೆರಡು ಮಿಲಿಮೀಟರ್ ಸುಮ್ಮನೆ ಹೆಚ್ಚುಕಡಿಮೆ ಕಾಣುತ್ತದೆ, ಬೆಳೆದಿದೆ ಎಂದು ಹೆದರುತ್ತೀರಿ. ಎಂಆರ್‌ಐಯಲ್ಲಿ ವಿಕಿರಣವೂ ಇಲ್ಲ. ಇನ್ನೊಂದು ವಿಷಯ, ರಿಪೋರ್ಟ್‌ನಲ್ಲಿ ಡಿಫ್ಯೂಷನ್ ಎಂಬ ಭಾಗ ನೋಡಿಸಿ. ಅರಾಕ್ನಾಯ್ಡ್ ಸಿಸ್ಟ್ ಅದರಲ್ಲಿ ನೀರಿನ ಹಾಗೆ ಕಪ್ಪಗಿರುತ್ತದೆ. ಬೆಳ್ಳಗೆ ಹೊಳೆದರೆ ಎಪಿಡರ್ಮಾಯ್ಡ್ ಎಂಬ ಬೇರೆ ಬಗೆಯ ಸಿಸ್ಟ್ ಇರಬಹುದು, ಅದರ ದಾರಿ ಬೇರೆ.

ಗಂಗಾವತಿ ಗಿರಣಿ

ಅಕ್ಕಾ, ಗದ್ದೆ ಲೀಸಿನ ಕಾಗದಕ್ಕೆ ಈಗಲೇ ಸಹಿ ಬೇಡ. ಮೊದಲು ನಿಮ್ಹಾನ್ಸ್‌ಗೆ ತೋರಿಸಿ. ನಮ್ಮ ಕಡೆಯಿಂದ ರಾತ್ರಿ ಸ್ಲೀಪರ್ ಬಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು, ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಕೂಡ ಇದೆ. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಆಧಾರ್, ಬಿಪಿಎಲ್ ಕಾರ್ಡ್, ಸಿಡಿ ಮರೆಯಬೇಡಿ. ಒಂದು ದಿನಕ್ಕೆ ಮುಗಿಯುತ್ತದೆ ಅಂದುಕೊಳ್ಳಬೇಡಿ, ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಮುಂದೆ ಆಪರೇಷನ್ ಬೇಕೇ ಬೇಕು ಎಂದಾದರೂ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ಮೂಲಕ ಹೋಗಬೇಕು.

ಇಷ್ಟಕ್ಕೆ 400 ಕಿಲೋಮೀಟರ್ ಹೋಗಬೇಕಲ್ಲ ಎಂಬ ನೋವು ನನಗೂ ಇದೆ. ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಅವರು ಯಾಕೆ ಕೂತರು ಎಂಬುದು ಇಂಥ ಮನೆಗಳಿಗೆ ಗೊತ್ತು.

ಸಿಂಧನೂರು ಅಮ್ಮ

ಮೂರು ವಾರ ಆಯಿತು, ಎಲ್ಲರೂ ಕೇಳುತ್ತಿದ್ದೀರಿ. ಹೋಗಿ ಬಂದೆವು.

ಇಲ್ಲಿ ಕಣ್ಣಿನ ಡಾಕ್ಟರ್ ಹನಿ ಹಾಕಿ ನೋಡಿದರು. ನರ ಚೆನ್ನಾಗಿದೆ, ಊತ ಇಲ್ಲ. ಆದರೆ ಎರಡೂ ಕಣ್ಣಿಗೆ ನಂಬರ್ ಬಂದಿದೆ, ಕನ್ನಡಕ ಕೊಟ್ಟರು. ನಿಮ್ಹಾನ್ಸ್‌ನಲ್ಲಿ ಎರಡು ದಿನ ಆಯಿತು. ಡಾಕ್ಟರ್ ಕಾಗದದ ರಿಪೋರ್ಟ್ ಪಕ್ಕಕ್ಕಿಟ್ಟು ಸಿಡಿ ಹಾಕಿ ತಾವೇ ನೋಡಿದರು. ಮಗನನ್ನು ನಡೆಸಿದರು, ಒಂಟಿ ಕಾಲಲ್ಲಿ ನಿಲ್ಲಿಸಿದರು, ಕಣ್ಣು ಮೇಲೆ ಕೆಳಗೆ ಆಡಿಸಿದರು. ತಲೆನೋವಿನ ಬಗ್ಗೆ ನಮ್ಮ ಲಿಂಗಸುಗೂರು ಅಕ್ಕ ಹೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದರು. ಆಗ ನನಗೆ ಅರ್ಧ ಧೈರ್ಯ ಬಂತು.

ಈಗ ಆಪರೇಷನ್ ಬೇಡ ಎಂದರು. ಒಂದು ವರ್ಷಕ್ಕೆ ಎಂಆರ್‌ಐ. ನರ್ಸ್ ತಂಗಿ ಬರೆದ ಲಕ್ಷಣಗಳಲ್ಲಿ ಯಾವುದು ಕಂಡರೂ ಅದಕ್ಕೆ ಮೊದಲೇ. ನಾನು ಬಿಡಲಿಲ್ಲ. ಒಡೆದರೆ ಏನು ಸರ್ ಎಂದು ಕೇಳಿದೆ. ಆ ಸಾಧ್ಯತೆ ಸಣ್ಣದು, ಸೊನ್ನೆ ಅಲ್ಲ, ಆಪರೇಷನ್ ಮಾಡಿದರೆ ಬರುವ ತೊಂದರೆಯ ಸಾಧ್ಯತೆ ಇದಕ್ಕಿಂತ ಜಾಸ್ತಿ, ನನ್ನ ಮಗನಾಗಿದ್ದರೂ ಕಾಯುತ್ತಿದ್ದೆ ಎಂದರು.

ಕಬಡ್ಡಿ ಬಗ್ಗೆ ಮಗನೇ ಕೇಳಿದ. ಈಗ ಮೂರು ತಿಂಗಳು ಬೇಡ, ಆಮೇಲೆ ಆಡಲೇಬಾರದು ಎಂದೇನಿಲ್ಲ, ತಲೆಗೆ ಪೆಟ್ಟು ಬಿದ್ದರೆ ಸಿಸ್ಟ್ ಇದೆ ಎಂಬುದನ್ನು ದವಾಖಾನೆಯಲ್ಲಿ ಮೊದಲೇ ಹೇಳು ಎಂದರು. ಅವನ ಅಪ್ಪ ಆಡಲೇಬೇಡ ಎನ್ನುತ್ತಾರೆ. ಮನೆಯಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ. ಗಾಡಿಯ ಹಿಂದೆ ಕೂತರೂ ಹೆಲ್ಮೆಟ್ ಎಂಬುದಕ್ಕೆ ಮಾತ್ರ ಎಲ್ಲರೂ ಒಪ್ಪಿದ್ದೇವೆ.

ಬಸ್ಸಿನಲ್ಲಿ ಬರುವಾಗ ಮಗ, "ಅಮ್ಮಾ, ಅದು ನಾನು ಹುಟ್ಟುವ ಮೊದಲಿಂದ ನನ್ನ ಜೊತೆ ಇದೆ, ನಿನಗೆ ಗೊತ್ತಾಗಿದ್ದು ಮಾತ್ರ ಈಗ" ಎಂದ. ಹದಿನೇಳು ವರ್ಷದ ಹುಡುಗನಿಗೆ ತಿಳಿದದ್ದು ನನಗೆ ತಿಳಿಯಲು ಒಂದು ತಿಂಗಳು ಬೇಕಾಯಿತು. ಭಯ ಪೂರ್ತಿ ಹೋಗಿದೆ ಎಂದರೆ ಸುಳ್ಳು. ಅವನು ಮಲಗಿದಾಗ ಒಮ್ಮೆ ಹೋಗಿ ನೋಡಿ ಬರುತ್ತೇನೆ.

ಲೀಸಿನ ಮಾತು ನಿಂತಿತು. ಆ ಗದ್ದೆಯಲ್ಲಿ ಈಗ ನಾಟಿ ಆಗಿದೆ. ಕೌಲ್ ಬಜಾರ್ ತಮ್ಮಾ, ಸ್ಕ್ಯಾನ್‌ಗೆಂದು ಎಂಟು ಸಾವಿರ ಬೇರೆ ಎತ್ತಿಟ್ಟಿದ್ದೇನೆ. ಕ್ಯಾಲೆಂಡರ್ ಇನ್ನೂ ಮುಂದಿನ ವರ್ಷದ್ದು ಬಂದಿಲ್ಲ, ಅದಕ್ಕೆ ತಾರೀಖನ್ನು ದೇವರ ಕೋಣೆಯ ಬಾಗಿಲ ಹಿಂದೆ ಬರೆದಿದ್ದೇನೆ.

ಕೌಲ್ ಬಜಾರ್

ಅಕ್ಕಾ, ನಿಮ್ಮ ತಾರೀಖು ನನಗೂ ಕಳಿಸಿ. ನಾನೂ ನೆನಪಿಸುತ್ತೇನೆ.

ಸಿಂಧನೂರು ಅಮ್ಮ

ಒಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಎಂಆರ್‌ಐ ಆಯಿತು. 3.1 x 2.2. ಅಷ್ಟೇ ಇದೆ. ಹಳೆಯ ಸಿಡಿ, ಹೊಸ ಸಿಡಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಇನ್ನೊಂದು ಸಲ ಎರಡು ವರ್ಷ ಬಿಟ್ಟು ನೋಡಿ, ಹಾಗೇ ಇದ್ದರೆ ಸಾಕು ಎಂದರು. ಮಗ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಸೇರಿದ್ದಾನೆ. ಹಾಸ್ಟೆಲ್‌ನಲ್ಲಿ ಅವನ ರೂಮಿನ ಹುಡುಗನಿಗೂ ಲಕ್ಷಣಗಳ ಚೀಟಿ ಕೊಟ್ಟು ಬಂದಿದ್ದೇನೆ. ತಲೆನೋವು ಕನ್ನಡಕ ಬಂದ ಮೇಲೆ ಕಡಿಮೆ. ಪರೀಕ್ಷೆ ಬಂದರೆ ಈಗಲೂ ಇರುತ್ತದೆ.

ಲಿಂಗಸುಗೂರು ಅಕ್ಕಾ, ನಿಮ್ಮ ಮಗಳು ಹೇಗಿದ್ದಾಳೆ?

ಲಿಂಗಸುಗೂರು ಅಕ್ಕ

ಸಂತೋಷ ಆಯಿತು ತಂಗೀ. ಇವಳಿಗೆ ಮೈಗ್ರೇನ್ ಗುಳಿಗೆ ಹಿಡಿಸಿದೆ. ಪೈಪ್ ಈ ವರ್ಷ ತೊಂದರೆ ಕೊಟ್ಟಿಲ್ಲ. ಹೋದ ವಾರ ಆರು ದಿನವೂ ಶಾಲೆಗೆ ಹೋದಳು.